ದೊಡ್ಡ ಹೋಟೆಲಿನ ಉಸಿರಾಟ

ಪ್ರಯಾಣಿಕನೊಬ್ಬನು ಪರಸ್ಥಳದ ಹೋಟೆಲಿಗೆ ಬಂದಿಳಿದೊಡನೆ ಏನೇನನ್ನು ವಿಚಾರಿಸುತ್ತಾನೆ? ಕೊಠಡಿಯ ಬಾಡಿಗೆಯನ್ನು ಕೇಳುತ್ತಾನೆ. ಹಾಸಿಗೆಯನ್ನು ಒತ್ತಿ ನೋಡುತ್ತಾನೆ. ಸ್ನಾನಕ್ಕೆ ಬಿಸಿನೀರು ಎಷ್ಟು ಹೊತ್ತಿಗೆ ಬರುವುದೆಂದು ತಿಳಿದುಕೊಳ್ಳುತ್ತಾನೆ. ಊಟ ತಿಂಡಿಗಳ ಏರ್ಪಾಡು ಹೇಗೆಂದು ಕೇಳುತ್ತಾನೆ. ಆದರೆ, "ಇಲ್ಲಿಯ ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?" ಎಂದು ಕೇಳುವವನು ಲಕ್ಷಕ್ಕೊಬ್ಬನೂ ಸಿಕ್ಕಲಾರನು. ನಾವು ಒಂದು ದಿನದಲ್ಲಿ ಉಣ್ಣುವ ಆಹಾರದ ತೂಕ ಒಂದೆರಡು ಕಿಲೋಗ್ರಾಂ. ಅದೇ ದಿನದಲ್ಲಿ ಒಳಕ್ಕೆಳೆದುಕೊಳ್ಳುವ ಗಾಳಿಯ ತೂಕವಾದರೋ ಹತ್ತು ಕಿಲೋಗ್ರಾಮಿಗೂ ಮೀರಿದುದು. ಅನ್ನವನ್ನು ಮೂಸಿ ನೋಡಿ ಉಣ್ಣುವ ನಾವು ಗಾಳಿಯನ್ನು ಕೇಳದೆಯೇ ಸ್ವೀಕರಿಸುತ್ತೇವೆ.

ಇಲ್ಲಿ ಹೋಟೆಲು ಎಂದರೆ ಕಾಫಿ ಇಡ್ಲಿಗಳ ನಮ್ಮ ಬೀದಿಯ ಹೋಟೆಲು ಎಂದು ತಿಳಿಯಬಾರದು. ನೂರಾರು ಕೊಠಡಿಗಳು, ಸಭಾಂಗಣಗಳು, ಭೋಜನಶಾಲೆಗಳು, ಅಡಿಗೆಮನೆ, ಬಟ್ಟೆ ಒಗೆಯುವ ಯಂತ್ರಶಾಲೆ ಇವೆಲ್ಲವೂ ಒಂದೇ ಸೂರಿನಡಿಯಲ್ಲಿರುವ ಬಹು ಅಂತಸ್ತಿನ ವಸತಿಗೃಹವನ್ನು ಕುರಿತು ನಾವು ಹೇಳುತ್ತಿದ್ದೇವೆ. ಇಂತಹ ಕಟ್ಟಡದ ಕಿಟಕಿಗಳು ಸಾಮಾನ್ಯವಾಗಿ ತೆರೆಯುವುದಿಲ್ಲ. ಅದರ ಉಸಿರಾಟವೆಲ್ಲವೂ ಯಂತ್ರಗಳಿಂದಲೇ ನಡೆಯಬೇಕು. ಫ್ಯಾನುಗಳು ಅದರ ಶ್ವಾಸಕೋಶ, ವಾಯುನಾಳಗಳು ಶ್ವಾಸನಾಳ, ನೀರಿನ ಪಂಪುಗಳು ಹೃದಯ. ಹೀಗಿರಲಾಗಿ, ವೈದ್ಯನು ರೋಗಿಯನ್ನು ಪರೀಕ್ಷಿಸುವಂತೆ ಆಗಾಗ್ಗೆ ಈ ಕಟ್ಟಡವನ್ನೂ ಪರೀಕ್ಷಿಸಬೇಕಾಗುತ್ತದೆ. ಪರೀಕ್ಷಕನು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಒಳಗಿರುವವರಿಗೆ ಸಾಕಷ್ಟು ಶುದ್ಧವಾದ ಗಾಳಿ ದೊರೆಯುತ್ತಿದೆಯೆ? ಅದಕ್ಕಾಗಿ ವೆಚ್ಚವಾಗುತ್ತಿರುವ ಶಕ್ತಿ ನ್ಯಾಯವಾದಷ್ಟೇ ಆಗಿದೆಯೆ? ಯಂತ್ರಗಳು ತಮ್ಮ ಕೆಲಸವನ್ನು ಯಾರಿಗೂ ಕೇಡಾಗದಂತೆ ಮಾಡುತ್ತಿವೆಯೆ? ಈ ಮೂರೂ ಬೇರೆಬೇರೆ ಪ್ರಶ್ನೆಗಳಂತೆ ತೋರಿದರೂ ಒಂದಕ್ಕೊಂದು ಗಂಟುಬಿದ್ದಿವೆ. ಒಂದನ್ನು ಮಾತ್ರ ನೋಡಿ ಮಿಕ್ಕವನ್ನು ಮರೆತರೆ ಏನಾಗಬಹುದೆಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಘಟನೆ ಸಾಕ್ಷಿಯಾಗಿದೆ. ಮೊದಲು ಅದನ್ನು ನೋಡೋಣ.

ಫಿಲಡೆಲ್ಫಿಯದಲ್ಲಿ ನಡೆದದ್ದು

ಫಿಲಡೆಲ್ಫಿಯ ನಗರದ ಬ್ರಾಡ್ ಬೀದಿಯಲ್ಲಿ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಎಂಬ ಹೋಟೆಲು 1904ರಲ್ಲಿ ಆರಂಭವಾಯಿತು. ಹತ್ತೊಂಬತ್ತು ಅಂತಸ್ತಿನ ಈ ಭವ್ಯ ಕಟ್ಟಡ ಆ ನಗರದ ಹೆಮ್ಮೆಯ ವಸ್ತುವಾಗಿದ್ದಿತು. 1976ನೆಯ ಜುಲೈ 21ರಿಂದ 24ರವರೆಗೆ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಪೆನ್ಸಿಲ್ವೇನಿಯ ಶಾಖೆಯ ಸಮ್ಮೇಳನ ಅಲ್ಲಿ ಸೇರಿತು. ಎರಡು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಬಂದಿದ್ದರು. ಸಮ್ಮೇಳನ ಮುಗಿದು ಎಲ್ಲರೂ ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದ ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರಿಗೆ ತೀವ್ರ ಜ್ವರ, ಕೆಮ್ಮು, ಎದೆನೋವು ಕಾಣಿಸಿಕೊಂಡು ಅದು ನ್ಯುಮೋನಿಯಕ್ಕೆ ತಿರುಗಿತು. ಒಟ್ಟು 221 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ 34 ಮಂದಿ ಮೃತರಾದರು.

ಇದು ಯಾವ ರೋಗವೆಂದು ಯಾರಿಗೂ ತಿಳಿಯಲಿಲ್ಲ. ಇನ್‌ಫ್ಲುಯೆಂಜ ಇರಬಹುದೆಂದರು; ಅಲ್ಲವೆಂದು ಪರೀಕ್ಷೆಯಿಂದ ಗೊತ್ತಾಯಿತು. ನಿಕ್ಕಲಿನ ವಿಷವಿರಬಹುದೆಂದು ಶಂಕಿಸಿದರು, ಅದೂ ನಿಲ್ಲಲಿಲ್ಲ. ಅಟ್ಲಾಂಟದ ರೋಗನಿಯಂತ್ರಣ ಕೇಂದ್ರದಿಂದ ಬಂದ ತಜ್ಞರು ಊರೂರಿಗೆ ಹೋಗಿ ರೋಗಿಗಳನ್ನೂ, ರೋಗ ತಗಲದಿದ್ದವರನ್ನೂ ವಿಚಾರಿಸಿದರು. ಯಾರು ಏನು ತಿಂದರು, ಎಲ್ಲಿ ಮಲಗಿದರು, ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿದ್ದರು ಎಂಬುದನ್ನೆಲ್ಲ ಬರೆದುಕೊಂಡರು. ಇದರಿಂದ ಮೂರು ಸಂಗತಿಗಳು ಹೊರಬಿದ್ದವು. ಮೊದಲನೆಯದು, ರೋಗಿಗಳ ಮನೆಯವರಿಗೆ ರೋಗ ಅಂಟಲಿಲ್ಲ; ಆದುದರಿಂದ ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವ ಬೇನೆಯಲ್ಲ. ಎರಡನೆಯದು, ಕಾಯಿಲೆಯಾದವರು ಕಾಯಿಲೆಯಾಗದವರಿಗಿಂತ ಹೆಚ್ಚು ಹೊತ್ತನ್ನು ಹೋಟೆಲಿನ ಮುಂದಿನ ಹಜಾರದಲ್ಲಿ ಕಳೆದಿದ್ದರು. ಮೂರನೆಯದು ಎಲ್ಲಕ್ಕಿಂತ ವಿಚಿತ್ರವಾದುದು: 221 ಮಂದಿಯಲ್ಲಿ 39 ಮಂದಿ ಸಮ್ಮೇಳನಕ್ಕೆ ಸೇರಿದವರೇ ಅಲ್ಲ, ಹೋಟೆಲಿನ ಮುಂದಿನ ಬೀದಿಯಲ್ಲಿ ನಡೆದುಹೋಗಿದ್ದವರು, ಆ ಆಸುಪಾಸಿನಲ್ಲಿದ್ದವರು. ಒಳಗಿದ್ದವರಿಗೂ ಹೊರಗೆ ಹಾದುಹೋದವರಿಗೂ ಸಮಾನವಾದ ವಸ್ತು ಯಾವುದು? ಊಟವಲ್ಲ, ಹಾಸಿಗೆಯಲ್ಲ. ಗಾಳಿಯೊಂದೇ.

ಅದೇ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದ ಜೋಸೆಫ್ ಮ್ಯಾಕ್‌ಡೇಡ್ ಎಂಬ ವಿಜ್ಞಾನಿ 1976ರ ಕೊನೆಯ ವಾರದಲ್ಲಿ, ಹಿಂದೆ ತಾವೇ ನೋಡಿ ಮುಖ್ಯವಲ್ಲವೆಂದು ಬಿಟ್ಟಿದ್ದ ಗಾಜಿನ ಫಲಕಗಳನ್ನು ಮತ್ತೊಮ್ಮೆ ಸೂಕ್ಷ್ಮದರ್ಶಕದಡಿಯಲ್ಲಿಟ್ಟರು. ಅಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಗಳು ಗುಂಪುಗೂಡಿದ್ದುದನ್ನು ಕಂಡರು. 1977ನೆಯ ಜನವರಿ 18ರಂದು ರೋಗಕಾರಣವು ಜಗತ್ತಿಗೆ ತಿಳಿಯಿತು. ಆ ಸೂಕ್ಷ್ಮಜೀವಿಗೆ ಮುಂದೆ ಲೀಜನೆಲ್ಲ ನ್ಯುಮೊಫಿಲ ಎಂಬ ಹೆಸರಾಯಿತು. ಅದು ನೀರಿನಲ್ಲಿ, ಅದರಲ್ಲಿಯೂ ಬೆಚ್ಚಗಿನ ನೀರಿನಲ್ಲಿ, ಬೆಳೆಯತಕ್ಕ ಜೀವಿ. ನೀರಿನ ಜೀವಿ ಗಾಳಿಯಲ್ಲಿ ಬಂದುದು ಹೇಗೆ? ಸಂಶಯವು ಹೋಟೆಲಿನ ಹವಾನಿಯಂತ್ರಣ ಯಂತ್ರಗಳ ಕಡೆಗೆ, ನೀರನ್ನು ತಣಿಸುವ ಗೋಪುರದ ಕಡೆಗೆ ತಿರುಗಿತು. ಅಷ್ಟರಲ್ಲಿ ಜನ ಬರುವುದು ನಿಂತುಹೋಗಿ 1976ರ ನವೆಂಬರಿನಲ್ಲಿಯೇ ಹೋಟೆಲು ಬಾಗಿಲು ಮುಚ್ಚಿತ್ತು.

ಈ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ಹೋಟೆಲಿನ ಗಾಳಿ, ಶಾಖ, ನೀರು ಇವುಗಳ ಲೆಕ್ಕವನ್ನು ನಾವು ಕ್ರಮವಾಗಿ ಹಾಕಬೇಕು. ಇದಕ್ಕೆ ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರ ಸಾಕು.

ಗಾಳಿಯ ಲೆಕ್ಕ

ಮುಚ್ಚಿದ ಕೋಣೆಯಲ್ಲಿ ಉಸಿರುಕಟ್ಟುವುದು ಆಮ್ಲಜನಕದ ಕೊರತೆಯಿಂದ ಎಂದು ಸಾಮಾನ್ಯವಾಗಿ ತಿಳಿಯುವುದುಂಟು. ಅದು ಸರಿಯಲ್ಲ. ಆಮ್ಲಜನಕ ಕುಂದುವುದಕ್ಕೆ ಬಹಳ ಮುಂಚೆಯೇ ದೇಹದಿಂದ ಹೊರಬಿದ್ದ ವಾಸನೆ, ತೇವ, ಶಾಖ, ಸೂಕ್ಷ್ಮಜೀವಿಗಳು ಇವೆಲ್ಲ ಸೇರಿ ಗಾಳಿಯನ್ನು ಕೆಡಿಸಿರುತ್ತವೆ. ಇವನ್ನೆಲ್ಲ ಒಂದೊಂದಾಗಿ ಅಳೆಯುವುದು ಕಷ್ಟ. ಮ್ಯೂನಿಕ್ಕಿನ ಮಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿ 1858ರಲ್ಲಿ ಒಂದು ಸುಲಭೋಪಾಯವನ್ನು ತೋರಿಸಿದರು. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈ ಆಕ್ಸೈಡು ಶೇಕಡ 4ರಷ್ಟಿರುತ್ತದೆ. ಕೋಣೆಯ ಗಾಳಿಯಲ್ಲಿ ಈ ಅನಿಲ ಎಷ್ಟಿದೆಯೆಂದು ಅಳೆದರೆ ಅಲ್ಲಿಯ ಗಾಳಿ ಎಷ್ಟರ ಮಟ್ಟಿಗೆ ಪರರ ಉಸಿರಾಗಿದೆಯೆಂಬುದು ಗೊತ್ತಾಗುತ್ತದೆ. ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗವನ್ನು ಅವರು ಮೇಲ್ಮಿತಿಯೆಂದು ಸೂಚಿಸಿದರು. ಇಂದಿಗೂ ಪರೀಕ್ಷಕರು ಈ ಗುರುತನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ.

ಸುಮ್ಮನೆ ಕುಳಿತ ಮನುಷ್ಯನು ಗಂಟೆಗೆ ಸುಮಾರು 18 ಲೀಟರ್, ಎಂದರೆ ಸೆಕೆಂಡಿಗೆ 0.005 ಲೀಟರ್ ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತಾನೆ. ಅವನಿಗೆ ಸೆಕೆಂಡಿಗೆ 7.5 ಲೀಟರಿನಂತೆ ಹೊರಗಿನ ಗಾಳಿಯನ್ನು ಒದಗಿಸಿದೆವೆಂದಿಟ್ಟುಕೊಳ್ಳೋಣ. 0.005ನ್ನು 7.5ರಿಂದ ಭಾಗಿಸಿದರೆ ಹತ್ತು ಲಕ್ಷಕ್ಕೆ ಸುಮಾರು 670 ಭಾಗವಾಗುತ್ತದೆ. ಹೊರಗಿನ ಗಾಳಿಯಲ್ಲಿ ಈಗಾಗಲೇ 420 ಭಾಗಕ್ಕೂ ಮಿಕ್ಕು ಇರುವುದರಿಂದ ಒಳಗೆ ಒಟ್ಟು 1090ರ ಸುಮಾರಿನಲ್ಲಿ ನಿಲ್ಲುತ್ತದೆ. ಪೆಟೆನ್‌ಕೋಫರರ ಗುರುತಿನಿಂದ ಇದು ಬಹಳ ದೂರವಲ್ಲ. ಗಾಳಿಯನ್ನು ಮೂರನೆಯ ಒಂದು ಭಾಗಕ್ಕೆ, ಎಂದರೆ 2.5 ಲೀಟರಿಗೆ ಇಳಿಸಿದರೆ ಏರಿಕೆ 2000 ಭಾಗವಾಗಿ ಒಟ್ಟು 2400ನ್ನು ದಾಟುತ್ತದೆ.

ಈ ಎರಡು ಅಂಕಿಗಳನ್ನು ನಾವು ಸುಮ್ಮನೆ ಆರಿಸಿಕೊಂಡಿಲ್ಲ. 1973ರಲ್ಲಿ ಎಣ್ಣೆಯ ಬೆಲೆ ಏರಿದಾಗ ಅಮೆರಿಕದಲ್ಲಿ ಶಕ್ತಿಯ ಉಳಿತಾಯವೇ ಮುಖ್ಯ ಮಂತ್ರವಾಯಿತು. ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇ 1981ರ ತನ್ನ ನಿಯಮದಲ್ಲಿ, ಧೂಮಪಾನವಿಲ್ಲದ ಕಡೆಗಳಿಗೆ ತಲೆಗೆ ನಿಮಿಷಕ್ಕೆ 5 ಘನ ಅಡಿ, ಎಂದರೆ ಸೆಕೆಂಡಿಗೆ ಸುಮಾರು 2.5 ಲೀಟರ್ ಗಾಳಿ ಸಾಕೆಂದಿತು. ಕಟ್ಟಡಗಳಲ್ಲಿ ಕುಳಿತವರಿಗೆ ತಲೆನೋವು, ಕಣ್ಣುರಿ, ಮಂಪರು ಬರುತ್ತಿವೆಯೆಂಬ ದೂರುಗಳು ಹೆಚ್ಚಿದವು. 1989ರ ನಿಯಮದಲ್ಲಿ ಕನಿಷ್ಠವನ್ನು 15 ಘನ ಅಡಿಗೆ, ಎಂದರೆ 7 ಲೀಟರಿಗೆ ಏರಿಸಲಾಯಿತು. ಉಳಿತಾಯಕ್ಕಾಗಿ ಉಸಿರನ್ನು ಕಡಿಮೆ ಮಾಡಿದುದು ಸರಿಹೋಗಲಿಲ್ಲ.

ಗಾಳಿಗೆ ತೆರುವ ಬೆಲೆ

ಹಾಗಾದರೆ ಬೇಕಾದಷ್ಟು ಗಾಳಿಯನ್ನು ಒಳಕ್ಕೆ ಬಿಟ್ಟರಾಗದೆ ಎಂದು ವಾಚಕರು ಕೇಳಬಹುದು. ಬಿಡಬಹುದು, ಆದರೆ ಅದನ್ನು ತಣಿಸಿ ಒಣಗಿಸಿ ಬಿಡಬೇಕು. ಅದರ ವೆಚ್ಚವೆಷ್ಟು?

ಹೋಟೆಲಿನ ಸಭಾಂಗಣವೊಂದರಲ್ಲಿ 500 ಜನ ಕುಳಿತಿದ್ದಾರೆಂದು ಭಾವಿಸೋಣ. ತಲೆಗೆ 7.5 ಲೀಟರಿನಂತೆ ಸೆಕೆಂಡಿಗೆ 3750 ಲೀಟರ್, ಎಂದರೆ 3.75 ಘನ ಮೀಟರ್ ಹೊರಗಾಳಿ ಬೇಕು. ಘನ ಮೀಟರಿಗೆ 1.2 ಕಿಲೋಗ್ರಾಮಿನಂತೆ ಇದರ ತೂಕ 4.5 ಕಿಲೋಗ್ರಾಂ; ಗಂಟೆಗೆ 16 ಟನ್ನುಗಳಿಗೂ ಹೆಚ್ಚಾಯಿತು! ಹೊರಗೆ 31 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ಶೇಕಡ 60ರ ಸಾಪೇಕ್ಷ ಆರ್ದ್ರತೆಯೂ ಇವೆಯೆನ್ನೋಣ. ಫಿಲಡೆಲ್ಫಿಯದ ಜುಲೈ ತಿಂಗಳ ಮಧ್ಯಾಹ್ನಕ್ಕೆ ಇದು ದೂರವಾದ ಮಾತಲ್ಲ. ಒಳಗೆ 24 ಡಿಗ್ರಿಯೂ ಶೇಕಡ 55ರ ಆರ್ದ್ರತೆಯೂ ಇರಬೇಕು. ಗಾಳಿಯನ್ನು 7 ಡಿಗ್ರಿ ತಣಿಸಲು ಸೆಕೆಂಡಿಗೆ 4.5 × 1 × 7, ಎಂದರೆ ಸುಮಾರು 32 ಕಿಲೋಜೂಲ್ ತೆಗೆಯಬೇಕು. ಅದೇ 32 ಕಿಲೋವ್ಯಾಟ್.

ಇಷ್ಟಕ್ಕೇ ಮುಗಿಯಲಿಲ್ಲ. ಹೊರಗಿನ ಪ್ರತಿ ಕಿಲೋಗ್ರಾಂ ಗಾಳಿಯಲ್ಲಿ ಸುಮಾರು 17 ಗ್ರಾಂ ನೀರಾವಿಯಿದೆ. ಒಳಗೆ ಇರಬೇಕಾದುದು 10 ಗ್ರಾಮಿಗೆ ಸ್ವಲ್ಪ ಹೆಚ್ಚು. ಹೆಚ್ಚಾದ ಆವಿಯನ್ನೆಲ್ಲ ತಣ್ಣನೆಯ ಕೊಳವೆಗಳ ಮೇಲೆ ನೀರಾಗಿ ಇಳಿಸಬೇಕು. ಅದು ಗಂಟೆಗೆ ಸುಮಾರು 110 ಲೀಟರ್ ನೀರು. ಹೀಗೆ ಇಳಿಯುವಾಗ ಆವಿಯು ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಗ್ರಾಮಿಗೆ ಸುಮಾರು 2450 ಜೂಲಿನಂತೆ ಅದು 75 ಕಿಲೋವ್ಯಾಟ್ ಆಗುತ್ತದೆ. ಬಿಸಿಯನ್ನು ತೆಗೆಯುವುದಕ್ಕಿಂತ ತೇವವನ್ನು ತೆಗೆಯುವುದು ಎರಡರಷ್ಟಕ್ಕೂ ಹೆಚ್ಚು ದುಬಾರಿಯೆಂದಾಯಿತು. ನಮ್ಮ ಕರಾವಳಿಯ ಮಳೆಗಾಲದ ಗಾಳಿಯಾದರೆ ಈ ಭಾರ ಮತ್ತೂ ಹೆಚ್ಚು. ಎರಡೂ ಸೇರಿ 107 ಕಿಲೋವ್ಯಾಟ್. ಕುಳಿತ ಮನುಷ್ಯನ ದೇಹದಿಂದ ಹೊರಬೀಳುವ ಶಾಖ ಸುಮಾರು 100 ವ್ಯಾಟ್. 500 ಜನರದು 50 ಕಿಲೋವ್ಯಾಟ್. ಜನರನ್ನು ತಣಿಸುವುದಕ್ಕಿಂತ ಅವರು ಉಸಿರಾಡುವ ಗಾಳಿಯನ್ನು ಸಿದ್ಧಪಡಿಸುವುದೇ ಎರಡರಷ್ಟು ಕೆಲಸ!

ಆದುದರಿಂದಲೇ ಗಾಳಿಯನ್ನು ಕಡಿಮೆ ಮಾಡುವ ಆಸೆ ಹುಟ್ಟುವುದು. ಮೂರನೆಯ ಒಂದು ಭಾಗಕ್ಕೆ ಇಳಿಸಿದರೆ 71 ಕಿಲೋವ್ಯಾಟ್ ಶೈತ್ಯ ಉಳಿಯುತ್ತದೆ. ಶೈತ್ಯಯಂತ್ರವು ಒಂದು ಪಾಲು ವಿದ್ಯುತ್ತಿನಿಂದ ನಾಲ್ಕು ಪಾಲು ಶಾಖವನ್ನು ಹೊರಸಾಗಿಸುತ್ತದೆಯೆಂದುಕೊಂಡರೆ, ವಿದ್ಯುತ್ತಿನಲ್ಲಿ ಉಳಿದುದು ಸುಮಾರು 18 ಕಿಲೋವ್ಯಾಟ್. 500 ಜನರ ಉಸಿರನ್ನು ಕೆಡಿಸಿ ಪಡೆದ ಲಾಭ ಇಷ್ಟು. ಇದೇ ಲಾಭವನ್ನು ಯಾರ ಉಸಿರಿಗೂ ಕೈಹಾಕದೆ ಪಡೆಯುವ ದಾರಿಗಳಿವೆ. ಅವನ್ನು ಮುಂದೆ ಹೇಳುತ್ತೇವೆ.

ಶಾಖವನ್ನು ಹೊತ್ತೊಯ್ಯುವ ನೀರು

ಕಟ್ಟಡದಿಂದ ತೆಗೆದ ಶಾಖ ಎಲ್ಲಿಗೆ ಹೋಗಬೇಕು? ಶಕ್ತಿ ನಾಶವಾಗುವುದಿಲ್ಲ, ಅದನ್ನು ಎಲ್ಲಿಯಾದರೂ ಚೆಲ್ಲಲೇಬೇಕು. ದೊಡ್ಡ ಹೋಟೆಲುಗಳಲ್ಲಿ ನೆಲಮಾಳಿಗೆಯ ಶೈತ್ಯಯಂತ್ರವು ಒಂದು ಸುತ್ತಿನ ನೀರನ್ನು ಸುಮಾರು 7 ಡಿಗ್ರಿಗೆ ತಣಿಸಿ ಮಹಡಿಗಳಿಗೆ ಕಳುಹಿಸುತ್ತದೆ. ಅಲ್ಲಿಂದ ಬಂದ ಶಾಖವನ್ನು ಇನ್ನೊಂದು ಸುತ್ತಿನ ನೀರಿಗೆ ವರ್ಗಾಯಿಸುತ್ತದೆ. ಈ ಎರಡನೆಯ ನೀರು ಸುಮಾರು 35 ಡಿಗ್ರಿಗೆ ಕಾದು ಛಾವಣಿಯ ಮೇಲಿನ ಕೂಲಿಂಗ್ ಟವರಿಗೆ ಏರುತ್ತದೆ. ಅಲ್ಲಿ ಅದನ್ನು ಮೇಲಿನಿಂದ ಸಿಂಪಡಿಸಿ ಫ್ಯಾನಿನಿಂದ ಗಾಳಿಯನ್ನು ಹಾಯಿಸುತ್ತಾರೆ. ನೀರಿನ ಒಂದಂಶ ಆವಿಯಾಗಿ ಹೋಗಿ ಮಿಕ್ಕದ್ದು ತಣಿಯುತ್ತದೆ. ನಮ್ಮ ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ನಿಯಮದಿಂದಲೇ. ಹೂಜಿಯ ಮೈಯಿಂದ ಜಿನುಗುವ ನೀರು ಆವಿಯಾಗಲು ಒಳಗಿನ ನೀರಿನ ಶಾಖವನ್ನು ಕಸಿದುಕೊಳ್ಳುತ್ತದೆ.

ಯಂತ್ರವು 1000 ಕಿಲೋವ್ಯಾಟ್ ಶಾಖವನ್ನು ಕಟ್ಟಡದಿಂದ ತೆಗೆದು ಅದಕ್ಕಾಗಿ 250 ಕಿಲೋವ್ಯಾಟ್ ವಿದ್ಯುತ್ತನ್ನು ಬಳಸಿದರೆ, ಗೋಪುರ ಚೆಲ್ಲಬೇಕಾದುದು 1250 ಕಿಲೋವ್ಯಾಟ್. ಇದೆಲ್ಲವೂ ಆವಿಯಾಗುವಿಕೆಯಿಂದಲೇ ಹೋಗುವುದಾದರೆ ಗಂಟೆಗೆ ಸುಮಾರು 1850 ಲೀಟರ್ ನೀರು ಬೇಕು. ಹೀಗೆ ಬಹಳ ಅಗ್ಗವಾಗಿ ಬಹಳ ಶಾಖವನ್ನು ಚೆಲ್ಲುವ ಏರ್ಪಾಡು ಇದು. ಶಕ್ತಿಯ ದೃಷ್ಟಿಯಿಂದ ಇದಕ್ಕಿಂತ ಉತ್ತಮವಾದುದು ವಿರಳ.

ಆದರೆ ಈ ನೀರಿನ ಸ್ಥಿತಿಯನ್ನು ಗಮನಿಸಿರಿ. ಅದು ಹಗಲಿರುಳೂ 29ರಿಂದ 35 ಡಿಗ್ರಿಗಳ ನಡುವೆ ಬೆಚ್ಚಗಿರುತ್ತದೆ. ಗಾಳಿಯ ಧೂಳೆಲ್ಲವೂ ಅದರಲ್ಲಿ ತೊಳೆದು ಸೇರುತ್ತದೆ. ಆವಿಯಾದಂತೆಲ್ಲ ಲವಣಗಳು ಉಳಿದು ಗಟ್ಟಿಯಾಗುತ್ತವೆ. ಪಾಚಿ, ಲೋಳೆ, ತುಕ್ಕು ಕಟ್ಟುತ್ತವೆ. ಲೀಜನೆಲ್ಲ ಚೆನ್ನಾಗಿ ಬೆಳೆಯುವುದು 25ರಿಂದ 45 ಡಿಗ್ರಿಗಳ ನಡುವಣ ನೀರಿನಲ್ಲಿ. ಅಲಕ್ಷ್ಯ ಮಾಡಿದ ಗೋಪುರವು ಆ ಜೀವಿಗೆ ನಾವೇ ಕಟ್ಟಿಕೊಟ್ಟ ಮನೆಯಾಗುತ್ತದೆ.

ಅಲ್ಲಿಂದ ಅದು ಹೊರಬೀಳುವುದು ಸಣ್ಣ ತುಂತುರಿನ ಮೂಲಕ. ದೊಡ್ಡ ಹನಿಗಳು ಬೇಗ ನೆಲಕ್ಕೆ ಬೀಳುತ್ತವೆ. 5 ಮೈಕ್ರಾನ್ ವ್ಯಾಸದ ಹನಿಯ ಗತಿಯನ್ನು ಸ್ಟೋಕ್ಸನ ನಿಯಮದಿಂದ ಲೆಕ್ಕಹಾಕಿದರೆ ಸೆಕೆಂಡಿಗೆ ಮುಕ್ಕಾಲು ಮಿಲಿಮೀಟರ್ ಮಾತ್ರ ಇಳಿಯುತ್ತದೆಯೆಂದು ತಿಳಿಯುತ್ತದೆ. ನಿಶ್ಚಲವಾದ ಗಾಳಿಯಲ್ಲಿ ಆಳೆತ್ತರ ಇಳಿಯಲು ಅರ್ಧ ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಅದು ಆವಿಯಾಗಿ ಇನ್ನೂ ಸಣ್ಣದಾಗಿ, ಗಾಳಿ ಒಯ್ದ ಕಡೆಗೆ ಹೋಗಿ, ಉಸಿರಿನೊಡನೆ ಶ್ವಾಸಕೋಶದ ಆಳದವರೆಗೂ ತಲುಪಬಲ್ಲುದು. ಹೋಟೆಲಿನೊಳಗೆ ಕಾಲಿಡದವರಿಗೂ ಬ್ರಾಡ್ ಬೀದಿಯಲ್ಲಿ ರೋಗ ತಗಲಿದುದು ಹೇಗೆಂಬುದು ಇದರಿಂದ ಅರ್ಥವಾಗುತ್ತದೆ.

ಇದಕ್ಕೆ ಹಿಂದಿನ ಒಂದು ನಿದರ್ಶನವೂ ಉಂಟು. 1968ರಲ್ಲಿ ಮಿಷಿಗನ್ ಸಂಸ್ಥಾನದ ಪಾಂಟಿಯಾಕ್ ಎಂಬ ಊರಿನಲ್ಲಿ, ಆರೋಗ್ಯ ಇಲಾಖೆಯ ಕಟ್ಟಡದಲ್ಲಿಯೇ, 144 ಮಂದಿಗೆ ಜ್ವರ ಬಂದಿತು. ತನಿಖೆಗೆ ಬಂದ ತಜ್ಞರಲ್ಲಿಯೂ ಕೆಲವರು ಮಲಗಿದರು. ಪುಣ್ಯವಶಾತ್ ಯಾರೂ ಸಾಯಲಿಲ್ಲ. ಹವಾನಿಯಂತ್ರಣ ಯಂತ್ರದ ಲೋಪದಿಂದ, ಶಾಖ ಚೆಲ್ಲುವ ನೀರಿನ ತುಂತುರು ಒಳಕ್ಕೆ ಹೋಗುವ ಗಾಳಿಯೊಡನೆ ಬೆರೆಯುತ್ತಿತ್ತೆಂದು ಕಂಡುಬಂದಿತು. ಕಾರಣವಾದ ಜೀವಿ ಆಗ ಸಿಕ್ಕಲಿಲ್ಲ. 1977ರ ತರುವಾಯ, ಕಾಪಾಡಿಟ್ಟಿದ್ದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಅದೇ ಲೀಜನೆಲ್ಲ ಎಂದು ಗೊತ್ತಾಯಿತು. ಹೊರಹೋಗಬೇಕಾದ ಉಸಿರು ಒಳಬರುವ ಉಸಿರಿನೊಡನೆ ಕೂಡಿದ್ದೇ ಅಲ್ಲಿಯ ಅನರ್ಥಕ್ಕೆ ಕಾರಣ.

ಪರೀಕ್ಷಕನ ಕೆಲಸ

ಈಗ ದೊಡ್ಡ ಹೋಟೆಲೊಂದನ್ನು ಪರೀಕ್ಷಿಸುವ ಕ್ರಮವನ್ನು ನೋಡೋಣ. ಮೊದಲ ಕೆಲಸ ಮೇಜಿನ ಮುಂದೆ. ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳು, ಇಂಧನದ ಬಿಲ್ಲುಗಳು, ನೀರಿನ ಲೆಕ್ಕ, ಕೊಠಡಿಗಳು ತುಂಬಿದ ಲೆಕ್ಕ ಇವನ್ನು ತರಿಸಿ, ತಿಂಗಳ ಸರಾಸರಿ ಉಷ್ಣತೆಗೆ ಎದುರಾಗಿ ತಿಂಗಳ ವಿದ್ಯುತ್ ವೆಚ್ಚವನ್ನು ನಕ್ಷೆಯಲ್ಲಿ ಗುರುತಿಸಬೇಕು. ತಣಿಸುವ ಕಾಲದ ಬಿಂದುಗಳು ಸುಮಾರಾಗಿ ಒಂದು ಸರಳರೇಖೆಯಲ್ಲಿ ಬೀಳುತ್ತವೆ. ರೇಖೆಯ ಏರು ಹವಾನಿಯಂತ್ರಣದ ಭಾರವನ್ನು ಹೇಳುತ್ತದೆ. ತಣಿಸುವ ಅವಶ್ಯಕತೆಯೇ ಇಲ್ಲದ ತಂಪು ತಿಂಗಳುಗಳಲ್ಲಿ ಉಳಿಯುವ ವೆಚ್ಚವು, ಹವೆ ಹೇಗಿದ್ದರೂ ತಪ್ಪದ ಮೂಲಭಾರವನ್ನು ತೋರಿಸುತ್ತದೆ. ಬೆಳಗಿನ ಝಾವ 3 ಗಂಟೆಗೆ, ಅತಿಥಿಗಳೆಲ್ಲ ಮಲಗಿರುವಾಗ, ಮೀಟರನ್ನು ಓದಿದರೆ ಮತ್ತೊಂದು ಸತ್ಯ ಹೊರಬೀಳುತ್ತದೆ: ಯಾರಿಗೂ ಬೇಡವಾಗಿ ಓಡುತ್ತಿರುವ ಫ್ಯಾನುಗಳೆಷ್ಟು, ಪಂಪುಗಳೆಷ್ಟು ಎಂಬುದು.

ಅನಂತರ ಯಂತ್ರಶಾಲೆ. ಶೈತ್ಯಯಂತ್ರದ ಮೇಲೆ ಬರೆದ ಅಂಕಿಯನ್ನು ನಂಬದೆ ಅಳೆದು ನೋಡಬೇಕು. ತಣ್ಣೀರು ಸೆಕೆಂಡಿಗೆ 40 ಲೀಟರ್ ಹರಿಯುತ್ತಿದೆ, 12.5 ಡಿಗ್ರಿಯಲ್ಲಿ ಬಂದು 7 ಡಿಗ್ರಿಯಲ್ಲಿ ಹೊರಡುತ್ತಿದೆ ಎನ್ನೋಣ. ತೆಗೆದ ಶಾಖ 40 × 4.19 × 5.5, ಎಂದರೆ ಸುಮಾರು 920 ಕಿಲೋವ್ಯಾಟ್. ಅದೇ ಹೊತ್ತಿಗೆ ವಿದ್ಯುತ್ತು 230 ಕಿಲೋವ್ಯಾಟ್ ಆದರೆ ಕಾರ್ಯಗುಣಾಂಕ 4. ಕಳೆದ ವರ್ಷ ಇದು 5 ಆಗಿದ್ದರೆ, ಕೊಳವೆಗಳೊಳಗೆ ಲೋಳೆಯೋ ಸುಣ್ಣವೋ ಕಟ್ಟಿರಬಹುದೆಂದು ಶಂಕಿಸಬೇಕು. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಕೊಳಕಾದ ಗೋಪುರವು ಶಕ್ತಿಯನ್ನೂ ಹಾಳುಮಾಡುತ್ತದೆ, ರೋಗಕ್ಕೂ ಎಡೆಗೊಡುತ್ತದೆ. ಅದನ್ನು ಶುಚಿಯಾಗಿಡುವ ಒಂದೇ ಕೆಲಸದಿಂದ ಎರಡೂ ಕೇಡು ತಪ್ಪುತ್ತವೆ.

ಮೂರನೆಯದು ಒತ್ತಡದ ಪರೀಕ್ಷೆ. ಸ್ನಾನದ ಮನೆಗಳಿಂದಲೂ ಅಡಿಗೆಮನೆಯಿಂದಲೂ ಫ್ಯಾನುಗಳು ಗಾಳಿಯನ್ನು ಹೊರಕ್ಕೆಳೆಯುತ್ತಿರುತ್ತವೆ. ಅಷ್ಟೇ ಗಾಳಿಯನ್ನು ಒಳಕ್ಕೆ ಒದಗಿಸದಿದ್ದರೆ ಕಟ್ಟಡದ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿ, ಗೋಡೆಯ ಸಂದುಗಳಿಂದ ಬಿಸಿಯಾದ ತೇವದ ಗಾಳಿ ನುಗ್ಗುತ್ತದೆ. ತಣ್ಣಗಿರುವ ಒಳಗೋಡೆಯ ಹಿಂದೆ ಅದು ನೀರಾಗಿ ಇಳಿಯುತ್ತದೆ. ಕೆಲವು ತಿಂಗಳಲ್ಲಿ ಗೋಡೆಗೆ ಅಂಟಿಸಿದ ಕಾಗದದ ಹಿಂದೆ ಬೂಷ್ಟು ಬೆಳೆದು ಕೊಠಡಿ ಮುಗ್ಗುನಾರುತ್ತದೆ. ಇದನ್ನು ಪತ್ತೆಮಾಡಲು ದೊಡ್ಡ ಉಪಕರಣ ಬೇಡ. ಬಾಗಿಲ ಸಂದಿನಲ್ಲಿ ಊದುಬತ್ತಿಯನ್ನು ಹಿಡಿದರೆ ಹೊಗೆ ಯಾವ ಕಡೆಗೆ ಬಾಗುವುದೆಂಬುದೇ ಉತ್ತರ. ಅಡಿಗೆಮನೆಯ ವಾಸನೆ ಹಜಾರಕ್ಕೆ ಬರುತ್ತಿದ್ದರೆ ಗಾಳಿಯ ದಾರಿ ತಿರುವುಮುರುವಾಗಿದೆಯೆಂದೇ ತಿಳಿಯಬೇಕು.

ಎತ್ತರದ ಕಟ್ಟಡದಲ್ಲಿ ಇನ್ನೊಂದು ಬಲವೂ ಸೇರಿಕೊಳ್ಳುತ್ತದೆ. ಚಳಿಗಾಲದಲ್ಲಿ ಹೊರಗೆ ಸೊನ್ನೆಗಿಂತ 3 ಡಿಗ್ರಿ ಕೆಳಗೆ, ಒಳಗೆ 22 ಡಿಗ್ರಿ ಇದ್ದರೆ, 75 ಮೀಟರ್ ಎತ್ತರದ ಕಟ್ಟಡದೊಳಗಿನ ಹಗುರವಾದ ಗಾಳಿ ಹೊಗೆಗೂಡಿನಲ್ಲಿರುವಂತೆ ಮೇಲಕ್ಕೆ ಏಳುತ್ತದೆ. ತಳದಿಂದ ತುದಿಯವರೆಗಿನ ಒತ್ತಡದ ವ್ಯತ್ಯಾಸ ಸುಮಾರು 80 ಪಾಸ್ಕಲ್. ಇದರಲ್ಲಿ ಅರ್ಧ ಕೆಳಗಿನ ಬಾಗಿಲಿನ ಮೇಲೆ ಬಿದ್ದರೂ ಎರಡು ಚದರ ಮೀಟರ್ ಬಾಗಿಲನ್ನು 80 ನ್ಯೂಟನ್ ಬಲ ಅದುಮಿ ಹಿಡಿಯುತ್ತದೆ. ಚಳಿದೇಶಗಳ ದೊಡ್ಡ ಹೋಟೆಲುಗಳಿಗೆ ತಿರುಗುಬಾಗಿಲುಗಳಿರುವುದು ಬರಿಯ ಅಲಂಕಾರಕ್ಕಲ್ಲ.

ಈ ಏರುಗಾಳಿಯ ದಾರಿಯನ್ನು ತಿಳಿದಿರಬೇಕಾದುದು ಬೆಂಕಿಯ ಸಮಯದಲ್ಲಿ. 1980ನೆಯ ನವೆಂಬರ್ 21ರಂದು ಲಾಸ್ ವೇಗಾಸಿನ ಎಂ.ಜಿ.ಎಂ. ಗ್ರ್ಯಾಂಡ್ ಹೋಟೆಲಿನ ಕೆಳಗಣ ಅಂತಸ್ತಿನಲ್ಲಿ ಬೆಂಕಿ ಹೊತ್ತಿ 85 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಬೆಂಕಿಯಿಂದ ಬಹು ದೂರ ಮೇಲಿನ ಮಹಡಿಗಳಲ್ಲಿ ಹೊಗೆಯಿಂದ ಸತ್ತವರು. ಮೆಟ್ಟಿಲಗೂಡು, ಲಿಫ್ಟಿನ ಬಾವಿ, ಕಟ್ಟಡದ ಸಂದು, ವಾಯುನಾಳ ಇವೇ ಹೊಗೆಗೆ ದಾರಿಯಾದವು. ಆದುದರಿಂದ ನಾಳಗಳಲ್ಲಿ ಬೆಂಕಿಯ ಕಾಲಕ್ಕೆ ಮುಚ್ಚಿಕೊಳ್ಳಬೇಕಾದ ತಡೆಬಾಗಿಲುಗಳು ನಿಜವಾಗಿ ಮುಚ್ಚುತ್ತವೆಯೆ ಎಂಬುದನ್ನೂ ಪರೀಕ್ಷಕನು ನೋಡಬೇಕು. ಕಾಗದದ ಮೇಲೆ ಅವು ಯಾವಾಗಲೂ ಮುಚ್ಚಿರುತ್ತವೆ.

ಉಳಿತಾಯ ಯಾವುದು, ಜಿಪುಣತನ ಯಾವುದು

ಪರೀಕ್ಷೆಯಾದ ಮೇಲೆ ಸಲಹೆ. ಉಳಿತಾಯದ ದಾರಿಗಳಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವುದು ಇಲ್ಲಿಯ ವಿವೇಕ.

ಫ್ಯಾನಿನ ವೇಗವನ್ನು ಬೇಕಾದಂತೆ ಏರಿಳಿಸುವ ಏರ್ಪಾಡು ಒಳ್ಳೆಯ ದಾರಿ. ಫ್ಯಾನು ಸಾಗಿಸುವ ಗಾಳಿ ಅದರ ವೇಗಕ್ಕೆ ಸಮಪ್ರಮಾಣದಲ್ಲಿದ್ದರೆ, ಬೇಕಾಗುವ ವಿದ್ಯುತ್ತು ವೇಗದ ಘನಕ್ಕೆ ಸಮಪ್ರಮಾಣದಲ್ಲಿರುತ್ತದೆ. ವೇಗವನ್ನು ಶೇಕಡ 80ಕ್ಕೆ ಇಳಿಸಿದರೆ ವಿದ್ಯುತ್ತು 0.8 × 0.8 × 0.8, ಎಂದರೆ ಶೇಕಡ 51ಕ್ಕೆ ಇಳಿಯುತ್ತದೆ. ಸಭಾಂಗಣದಲ್ಲಿ ಇಂಗಾಲದ ಡೈ ಆಕ್ಸೈಡನ್ನು ಅಳೆಯುವ ಸಾಧನವನ್ನಿಟ್ಟು, 500 ಜನರಿದ್ದಾಗ ಪೂರ್ತಿ ಗಾಳಿಯನ್ನೂ 50 ಜನರಿದ್ದಾಗ ಅದಕ್ಕೆ ತಕ್ಕಷ್ಟನ್ನೂ ಬಿಟ್ಟರೆ ಉಸಿರಿಗೂ ಕೊರತೆಯಿಲ್ಲ, ಹಣಕ್ಕೂ ನಷ್ಟವಿಲ್ಲ. ಹೊರಹೋಗುವ ತಂಪುಗಾಳಿಯ ಎದುರಿಗೆ ಒಳಬರುವ ಬಿಸಿಗಾಳಿಯನ್ನು ಹಾಯಿಸಿ, ನಡುವೆ ತಿರುಗುವ ಚಕ್ರದ ಮೂಲಕ ಶಾಖವನ್ನೂ ತೇವವನ್ನೂ ವಿನಿಮಯ ಮಾಡಿಸಿದರೆ, ನಾವು ಮೇಲೆ ಲೆಕ್ಕಹಾಕಿದ 107 ಕಿಲೋವ್ಯಾಟಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಶೈತ್ಯಯಂತ್ರ ಚೆಲ್ಲುವ ಶಾಖದಿಂದ ಸ್ನಾನದ ನೀರನ್ನು ಮೊದಲ ಹಂತಕ್ಕೆ ಕಾಯಿಸಿಕೊಳ್ಳುವುದೂ ಜಾಣತನವೇ.

ಕೆಟ್ಟ ದಾರಿಗೂ ಒಂದು ಉದಾಹರಣೆ ಕೊಡುತ್ತೇವೆ. ಬಿಸಿನೀರಿನ ತೊಟ್ಟಿಯನ್ನು 60 ಡಿಗ್ರಿಯಲ್ಲಿಡುವ ಬದಲು 45ರಲ್ಲಿಟ್ಟರೆ ಇಂಧನ ಉಳಿಯುವುದು ನಿಜ. ಸ್ನಾನಕ್ಕೆ 40 ಡಿಗ್ರಿ ಸಾಕಲ್ಲವೆ ಎಂದು ಲೆಕ್ಕಿಗನು ವಾದಿಸಬಹುದು. ಆದರೆ 60 ಡಿಗ್ರಿಯಲ್ಲಿ ಲೀಜನೆಲ್ಲ ಸಾಯುತ್ತದೆ. 45ಕ್ಕೆ ಇಳಿದರೆ ಬೆಳೆಯುವ ಅಂಚಿಗೆ ಬರುತ್ತದೆ. ದೂರದ ಕೊಳವೆಗಳಲ್ಲಿ ಇನ್ನೂ ತಣಿದಾಗ ಅದಕ್ಕೆ ಹಿತವಾದ ಉಷ್ಣತೆಯೇ ದೊರೆಯುತ್ತದೆ. ಷವರಿನ ತುಂತುರು ಅದನ್ನು ನೇರವಾಗಿ ಉಸಿರಿಗೆ ತಲುಪಿಸುತ್ತದೆ. ನೀರನ್ನು ಬಿಸಿಯಾಗಿಯೇ ಇಟ್ಟು, ನಲ್ಲಿಯ ಬಳಿ ತಣ್ಣೀರನ್ನು ಬೆರೆಸುವ ಕವಾಟವನ್ನಿಡುವುದು ಸರಿಯಾದ ಕ್ರಮ. ಉಳಿಸಬೇಕಾದರೆ ಕೊಳವೆಗಳಿಗೆ ಶಾಖನಿರೋಧಕ ಹೊದಿಕೆಯನ್ನು ಹೊದಿಸಬೇಕು. ಬಳಕೆಯಿಲ್ಲದ ಕೊಠಡಿಗಳಲ್ಲಿ ನೀರು ನಿಂತು ಹಳಸದಂತೆ ಆಗಾಗ್ಗೆ ಹರಿಯಬಿಡಬೇಕು. 2020ರಲ್ಲಿ ಕೊರೋನದ ನಿಮಿತ್ತ ತಿಂಗಳುಗಟ್ಟಲೆ ಮುಚ್ಚಿದ್ದ ಹೋಟೆಲುಗಳನ್ನು ಮತ್ತೆ ತೆರೆಯುವ ಮೊದಲು ಕೊಳವೆಗಳನ್ನು ತೊಳೆಯಬೇಕೆಂದು ಆರೋಗ್ಯಾಧಿಕಾರಿಗಳು ಎಚ್ಚರಿಸಿದುದು ಇದೇ ಕಾರಣದಿಂದ.

ಫಿಲಡೆಲ್ಫಿಯದ ಘಟನೆಯಾಗಿ ಸುಮಾರು ನಲವತ್ತು ವರ್ಷಗಳ ಮೇಲೆ, 2015ರಲ್ಲಿ, ಕಟ್ಟಡಗಳ ನೀರಿನ ವ್ಯವಸ್ಥೆಯಲ್ಲಿ ಲೀಜನೆಲ್ಲವನ್ನು ತಡೆಯುವ ಪ್ರತ್ಯೇಕ ನಿಯಮವನ್ನು ಆಶ್ರೇ ಪ್ರಕಟಿಸಿತು. ನಿಯಮಗಳು ಬಂದುವೆಂದ ಮಾತ್ರಕ್ಕೆ ಗೋಪುರಗಳು ತಾವಾಗಿಯೇ ಶುಚಿಯಾಗುವುದಿಲ್ಲ. ಉಷ್ಣಮಾಪಕವನ್ನು ಹಿಡಿದು ಛಾವಣಿ ಹತ್ತುವ ಒಬ್ಬ ಮನುಷ್ಯ ಬೇಕು. ಅವನು ಓದಿದ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕವನ್ನು ಮತ್ತೊಬ್ಬನು ತೆರೆದು ನೋಡಬೇಕು. ನಮ್ಮ ದೇಶದಲ್ಲಿಯೂ ಮುಚ್ಚಿದ ಕಿಟಕಿಗಳ ದೊಡ್ಡ ಕಟ್ಟಡಗಳು ದಿನದಿನಕ್ಕೆ ಏಳುತ್ತಿವೆ. ಹೋಟೆಲುಗಳು ಮಾತ್ರವಲ್ಲ, ಆಸ್ಪತ್ರೆಗಳು, ಕಛೇರಿಗಳು, ಚಿತ್ರಮಂದಿರಗಳು ಇವೂ ಹೀಗೆಯೇ ಉಸಿರಾಡುತ್ತವೆ. ಇಂತಹ ಕಟ್ಟಡವನ್ನು ಹೊಕ್ಕಾಗ ವಿದ್ಯಾರ್ಥಿಗಳು ಒಮ್ಮೆ ತಲೆಯೆತ್ತಿ ಗಾಳಿಯ ಜಾಲರಿಯನ್ನು ನೋಡಲಿ. ಅದರ ಹಿಂದೆ ಇರುವುದು ನಾವು ತರಗತಿಯಲ್ಲಿ ಓದುವ ಗುಪ್ತೋಷ್ಣ, ಆರ್ದ್ರತೆ, ಸ್ಟೋಕ್ಸನ ನಿಯಮ, ಶಕ್ತಿಯ ನಿತ್ಯತ್ವ ಇವುಗಳೇ. ಅವನ್ನು ಸರಿಯಾಗಿ ಬಲ್ಲವನ ಕೈಯಲ್ಲಿ ಸಾವಿರಾರು ಜನರ ಉಸಿರಿರುತ್ತದೆ.